ಕಿಲೋಮೀಟರ್ ಉದ್ದದ ಆಂಟೆನಾ, ಕಣ್ಣಿಗೆ ಕಾಣದ ಆಂಟೆನಾ
ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರು. 1976ರಿಂದ ಇಲ್ಲೊಂದು ರೇಡಿಯೊ ವೀಕ್ಷಣಾಲಯವಿದೆ. ಟಿ ಆಕಾರದಲ್ಲಿ ನಿಲ್ಲಿಸಿದ 1,000 ಲೋಹದ ಆಂಟೆನಾಗಳು, ಅಂದರೆ ಡೈಪೋಲ್‌ಗಳು ಆಕಾಶದ 8.7 ಮೀಟರ್ ಉದ್ದದ ಅಲೆಗಳನ್ನು ಹಿಡಿದವು.

ಈಗ ಅಲೆಯನ್ನು ಕುಗ್ಗಿಸಿ. ನಮ್ಮ ಮೈಶಾಖದ ಅವಗೆಂಪು ಅಲೆ ಸುಮಾರು 10 ಮೈಕ್ರೊಮೀಟರ್. ಶಿಡ್ಲಘಟ್ಟದ ಗೂಡಿನಿಂದ ಬಿಚ್ಚಿದ ರೇಷ್ಮೆ ಎಳೆಗಿಂತ ಸಣ್ಣದು!

ಅವಗೆಂಪು ಕ್ಯಾಮೆರಾದಲ್ಲಿ ಅದನ್ನು ಹಿಡಿಯುವ ಅರೆವಾಹಕ ಪದರ ತೆಳುವಾದರೆ ಬೆಳಕು ಹಾದುಹೋಗುತ್ತದೆ. ದಪ್ಪವಾದರೆ, ಬೆಳಕಿಲ್ಲದೆಯೂ ಹರಿಯುವ ಕತ್ತಲ ವಿದ್ಯುತ್ತು ಹೆಚ್ಚಿ ಚಿತ್ರ ಮಸುಕಾಗುತ್ತದೆ. ಅದಕ್ಕೇ ತೆಳು ಪದರದ ಮೇಲೆ ಚಿನ್ನದ ಪುಟಾಣಿ ಆಂಟೆನಾಗಳು. ಅಲೆ ತಾಗಿದೊಡನೆ ಚಿನ್ನದ ಎಲೆಕ್ಟ್ರಾನುಗಳು ಒಟ್ಟಾಗಿ ತೂಗಾಡುತ್ತವೆ, ಬೆಳಕನ್ನು ಪದರದೊಳಗೇ ಒತ್ತಿ ಹಿಡಿಯುತ್ತವೆ. ಈ ಆಂಟೆನಾಗಳ ಅಳತೆ ಮಾತ್ರ ತಪ್ಪಬಾರದು. ತಪ್ಪಿದರೆ ಚಿನ್ನವೇ ಬೆಳಕನ್ನು ನುಂಗಿ ಶಾಖ ಮಾಡಿಬಿಡುತ್ತದೆ.

ಚಿಂತಾಮಣಿ, ಚಿಕ್ಕಬಳ್ಳಾಪುರದ ಮೇಷ್ಟ್ರುಗಳೇ, ಆಂಟೆನಾ ಪಾಠ ಬಂದಾಗ ಗೌರಿಬಿದನೂರಿನಿಂದಲೇ ಶುರುಮಾಡಿ.