ಹೆಸರಿಗಾಗಿ ಕಾದ ಮುಂಡಾಸಿನ ಹುಳು

ಬುಗುರಿಯನ್ನು ತಲೆಕೆಳಗಾಗಿ ಹಿಡಿದು ನೋಡಿ. ಅಗಲವಾದ ಬುಡ, ಸುತ್ತುತ್ತ ಮೇಲೇರಿ ಚೂಪಾಗುವ ತುದಿ. ಸಮುದ್ರದಲ್ಲಿ ಬಾಳುವ ಒಂದು ಬಗೆಯ ಬಸವನಹುಳುವಿನ ಚಿಪ್ಪು ಹೆಚ್ಚುಕಡಿಮೆ ಹೀಗೇ ಇರುತ್ತದೆ. ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ 1758ರಲ್ಲಿ ಈ ಕುಲಕ್ಕೆ ಕೊಟ್ಟ ಹೆಸರು 'ಟರ್ಬೊ'. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಬುಗುರಿ, ಸುಳಿ ಎಂಬ ಅರ್ಥಗಳಿವೆ. ಇಂಗ್ಲಿಷರ ಕಣ್ಣಿಗೆ ಅದು ಮುಂಡಾಸಿನಂತೆ ಕಂಡಿತು.

ಬಂಡೆಗಳ ಮೇಲಿನ ಪಾಚಿಯೇ ಇದರ ಆಹಾರ. ಅಪಾಯ ಎದುರಾದರೆ ಮೈಯನ್ನು ಒಳಗೆಳೆದುಕೊಂಡು, ಸುಣ್ಣದ ದಪ್ಪ ಮುಚ್ಚಳದಿಂದ ಬಾಗಿಲು ಹಾಕಿಕೊಳ್ಳುತ್ತದೆ. ಒಂದು ಪ್ರಭೇದದ ಮುಚ್ಚಳ ಹಸಿರಾಗಿ ಹೊಳೆಯುವುದರಿಂದ ಅದನ್ನು 'ಬೆಕ್ಕಿನ ಕಣ್ಣು' ಎಂದು ಕರೆದು ಉಂಗುರಕ್ಕೂ ಕೂರಿಸುತ್ತಾರೆ.

ಜಪಾನೀಯರಿಗೆ ಈ ಕುಲದ 'ಸಜಾಯೆ' ಅಚ್ಚುಮೆಚ್ಚು. ಅದನ್ನು ಚಿಪ್ಪಿನ ಸಮೇತ ಕೆಂಡದ ಮೇಲಿಟ್ಟು, ಸೋಯಾ ಸಾಸ್ ಹನಿಸಿ ಸುಡುತ್ತಾರೆ. 1946ರಲ್ಲಿ ಅಲ್ಲಿನ ಪತ್ರಿಕೆಯೊಂದರಲ್ಲಿ ಆರಂಭವಾದ ಜನಪ್ರಿಯ ವ್ಯಂಗ್ಯಚಿತ್ರ ಮಾಲಿಕೆಯ ನಾಯಕಿಯ ಹೆಸರೂ ಸಜಾಯೆಯೇ! ಇಷ್ಟು ಮನೆಮಾತಾದ ಜೀವಿಗೆ ವಿಜ್ಞಾನದಲ್ಲಿ ಸರಿಯಾದ ಹೆಸರು ಸಿಕ್ಕಿದ್ದು ಮಾತ್ರ 2017ರಲ್ಲಿ.

ಅಲ್ಲಿಯವರೆಗೆ ಎಲ್ಲರೂ ಅದನ್ನು 'ಟರ್ಬೊ ಕಾರ್ನುಟಸ್' ಎನ್ನುತ್ತಿದ್ದರು. ಹಳೆಯ ಕಡತಗಳನ್ನು ಕೆದಕಿದ ಒಕಾಯಾಮಾ ವಿಶ್ವವಿದ್ಯಾಲಯದ ಹಿರೋಶಿ ಫುಕುಡಾ ಅವರಿಗೆ ಗೊತ್ತಾದದ್ದು ಬೇರೆಯೇ. 1786ರಲ್ಲಿ ಆ ಹೆಸರು ಸಂದದ್ದು ಚೀನಾದ ಕರಾವಳಿಯ ಸೋದರ ಪ್ರಭೇದಕ್ಕೆ. 1848ರಲ್ಲಿ ರೀವ್ ಎಂಬ ಬ್ರಿಟಿಷ್ ತಜ್ಞ 'ಜಪೋನಿಕಸ್' ಎಂದು ಹೆಸರಿಟ್ಟದ್ದಾದರೂ ಸಜಾಯೆಗಿರಬೇಕಲ್ಲ? ಅದೂ ಅಲ್ಲ, ಆ ಹುಳು ಮಾರಿಷಸ್ಸಿನದು! ಒಬ್ಬರ ತಪ್ಪನ್ನು ಇನ್ನೊಬ್ಬರು ನಕಲು ಮಾಡುತ್ತ ಬಂದಿದ್ದರು. ಕೊನೆಗೆ ಫುಕುಡಾ ಅದಕ್ಕೆ 'ಟರ್ಬೊ ಸಜಾಯೆ' ಎಂದೇ ನಾಮಕರಣ ಮಾಡಿದರು. ಬೆಸ್ತರು ಕರೆಯುತ್ತಿದ್ದುದೂ ಅದನ್ನೇ ಅಲ್ಲವೇ?

ತಿನ್ನುವವರಿಗೆ ಲ್ಯಾಟಿನ್ ಹೆಸರೇಕೆ ಎನ್ನಬಹುದು. ಆದರೆ ಕಾನೂನಿಗೆ ಅದು ಬೇಕೇ ಬೇಕು. ಇದೇ ಕುಲದ ದೈತ್ಯ 'ಟರ್ಬೊ ಮಾರ್ಮೊರೇಟಸ್' ನಮ್ಮ ಅಂಡಮಾನ್–ನಿಕೋಬಾರ್ ದ್ವೀಪಗಳ ಕಡಲಲ್ಲಿದೆ. ಇದರ ಚಿಪ್ಪು ಸುಮಾರು 20 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಹೊರಗೆ ಮಾಸಲು ಹಸಿರು, ಉಜ್ಜಿದರೆ ಒಳಗೆ ಮುತ್ತಿನ ಹೊಳಪು. ಆ ಹೊಳಪೇ ಅದಕ್ಕೆ ಮುಳುವಾಯಿತು. ಅಂಗಿಯ ಗುಂಡಿಗೆ, ಮರದ ಮೇಲಿನ ಕುಸುರಿಗೆ ಎಂದು ಬಾಚಿದ್ದೇ ಬಾಚಿದ್ದು. 2001ರಲ್ಲಿ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗೆ ಸೇರಿಸಿದರು. ಬಂದರಿನಲ್ಲಿ ಚಿಪ್ಪಿನ ಮೂಟೆ ಬಿಚ್ಚುವ ಅಧಿಕಾರಿ ಮೊದಲು ಹುಡುಕುವುದು, ಒಳಗಿರುವ ಚಿಪ್ಪಿನ ಹೆಸರು ಆ ಪಟ್ಟಿಯಲ್ಲಿದೆಯೇ ಎಂಬುದನ್ನು.