ಕೊಬ್ಬಿದ ಮರಿಗೇ ಬರುವ ಬೇನೆ

ದಾವಣಗೆರೆ, ಹರಿಹರದ ಸುತ್ತ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ನಾಲೆ ಇಲ್ಲದ ಕಡೆ ಮೆಕ್ಕೆಜೋಳ. ಕಟಾವು ಮುಗಿದ ಮೇಲೆ ಆ ಹೊಲಗದ್ದೆಗಳಿಗೆ ಕುರಿ ಮಂದೆಗಳು ಬರುವುದನ್ನು ನೀವು ನೋಡಿರಬಹುದು. ರಾತ್ರಿ ಮಂದೆ ಅಲ್ಲೇ ತಂಗಿದರೆ ಹೊಲಕ್ಕೆ ಗೊಬ್ಬರ, ಕುರಿಗೆ ಮೇವು. ಆದರೆ ಕುರಿಗಾರರಿಗೆ ಆಗ ಒಂದು ಭಯವೂ ಇರುತ್ತದೆ. ಸಂಜೆ ಹೊಟ್ಟೆ ತುಂಬ ಮೇದು ಕುಣಿದಾಡುತ್ತಿದ್ದ ಮರಿ ಬೆಳಿಗ್ಗೆ ಸತ್ತು ಬಿದ್ದಿರುತ್ತದೆ. ಅದೂ ಬಡಕಲು ಮರಿಯಲ್ಲ, ಮಂದೆಯಲ್ಲೇ ದಷ್ಟಪುಷ್ಟವಾದದ್ದು! ಏಕೆ ಹೀಗೆ?

ಇದು ಕರುಳು ಬೇನೆ. ಪಶುವೈದ್ಯರು ಇ.ಟಿ. ಎನ್ನುತ್ತಾರೆ. ಇದನ್ನು ತರುವ ಬ್ಯಾಕ್ಟೀರಿಯಾದ ಹೆಸರು ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್. ವಿಚಿತ್ರವೆಂದರೆ ಅದು ಬೇರೆ ಕುರಿಯಿಂದ ಅಂಟಬೇಕಾಗಿಲ್ಲ. ಆರೋಗ್ಯವಂತ ಕುರಿಯ ಕರುಳಿನಲ್ಲೂ ಸ್ವಲ್ಪ ಸಂಖ್ಯೆಯಲ್ಲಿ ಸುಮ್ಮನೆ ಇರುತ್ತದೆ. ಉದುರಿದ ಕಾಳನ್ನೋ, ಮೊದಲ ಮಳೆಗೆ ಚಿಗುರಿದ ಎಳೆ ಹುಲ್ಲನ್ನೋ ಮರಿ ಒಮ್ಮೆಲೇ ಹೆಚ್ಚು ತಿಂದರೆ, ಜೀರ್ಣವಾಗದ ಪಿಷ್ಟ, ಸಕ್ಕರೆ ಕರುಳಿಗೆ ಇಳಿಯುತ್ತವೆ. ಬ್ಯಾಕ್ಟೀರಿಯಾಗಳಿಗೆ ಅದೇ ಹಬ್ಬದೂಟ. ಅವು ಲೆಕ್ಕವಿಲ್ಲದಷ್ಟು ಹೆಚ್ಚಿ ವಿಷ ಬಿಡುತ್ತವೆ. ವಿಷ ರಕ್ತಕ್ಕೆ ಸೇರಿ ಮಿದುಳು, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಮರಿ ಕತ್ತನ್ನು ಹಿಂದಕ್ಕೆ ವಾಲಿಸಿ, ಕಾಲು ಬಡಿದು, ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಔಷಧ ಕೊಡಲು ಸಮಯವೇ ಸಿಗುವುದಿಲ್ಲ.

ಹಾಗಾದರೆ ಉಪಾಯ? ಲಸಿಕೆ. ಮೊದಲ ಲಸಿಕೆ ಮರಿಗಲ್ಲ, ಅದರ ತಾಯಿಗೆ! ಗಬ್ಬದ ಕುರಿಗೆ ಈಯುವ 4ರಿಂದ 6 ವಾರ ಮೊದಲು ಲಸಿಕೆ ಹಾಕಿಸಿದರೆ, ವಿಷವನ್ನು ತಡೆಯುವ ಪ್ರತಿಕಾಯಗಳು ಅದರ ರಕ್ತದಲ್ಲಿ ತಯಾರಾಗುತ್ತವೆ. ಮನುಷ್ಯರಲ್ಲಾದರೆ ತಾಯಿಯ ಪ್ರತಿಕಾಯಗಳು ಗರ್ಭದಲ್ಲೇ ಮಗುವಿಗೆ ಸಿಗುತ್ತವೆ. ಕುರಿಯಲ್ಲಿ ಹಾಗಿಲ್ಲ. ಮರಿಗೆ ಅವು ಸಿಗುವುದು ಹುಟ್ಟಿದ ಮೇಲೆ, ಗಿಣ್ಣು ಹಾಲಿನಿಂದ. ಮನೆಯಲ್ಲಿ ಹಸು ಈದಾಗ ಮೊದಲ ಹಾಲನ್ನು ಕಾಯಿಸಿದರೆ ಗಟ್ಟಿಯಾಗುವುದನ್ನು ನೋಡಿದ್ದೀರಲ್ಲ? ಅದರಲ್ಲಿ ತುಂಬಿರುವ ಪ್ರೋಟೀನೇ ಕಾರಣ. ಪ್ರತಿಕಾಯಗಳೂ ಪ್ರೋಟೀನುಗಳೇ. (ಗಿಣ್ಣು ನಮಗೂ ಇಷ್ಟ, ನಿಜ. ಆದರೆ ಮೊದಲ ಹಕ್ಕು ಕರುವಿನದು.)

ಇಲ್ಲಿ ಅವಸರ ಬೇಕು. ಮರಿಯ ಕರುಳು ಪ್ರತಿಕಾಯಗಳನ್ನು ಹಾಗೆಯೇ ಹೀರಿಕೊಳ್ಳುವುದು ಹುಟ್ಟಿದ ಮೊದಲ ಒಂದು ದಿನ ಮಾತ್ರ. ಗಂಟೆ ಕಳೆದಂತೆ ಆ ಬಾಗಿಲು ಮುಚ್ಚುತ್ತ ಹೋಗುತ್ತದೆ. ಆದ್ದರಿಂದ ಎರಡು ಗಂಟೆಯೊಳಗೆ ಮರಿ ಕೆಚ್ಚಲಿಗೆ ಬಾಯಿ ಹಾಕಬೇಕು. 3 ಕಿಲೋ ತೂಗುವ ಮರಿಗೆ ಮೊದಲ ಸಲ ಸುಮಾರು 150 ಮಿಲಿಲೀಟರ್ ಹಾಲು ಬೇಕು. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚುವುದೂ ಆಗಲೇ. ಹಸಿ ಹೊಕ್ಕುಳಿನ ಮೂಲಕ ಬೇರೆ ರೋಗಾಣುಗಳು ಒಳಸೇರುತ್ತವೆ.

ತಾಯಿ ಕೊಟ್ಟ ರಕ್ಷಣೆ ಕೆಲವು ತಿಂಗಳಲ್ಲಿ ಕರಗುತ್ತದೆ. ಆಗ ಮರಿಗೇ ಲಸಿಕೆ: ಸುಮಾರು 4 ತಿಂಗಳಿಗೆ ಒಮ್ಮೆ, 15 ದಿನ ಬಿಟ್ಟು ಇನ್ನೊಮ್ಮೆ, ಆಮೇಲೆ ಪ್ರತಿ ವರ್ಷ ಮುಂಗಾರಿಗೆ ಮೊದಲು. ತಾಯಿಗೆ ಹಾಕಿಸಿಲ್ಲದಿದ್ದರೆ ಮರಿಗೆ ಇನ್ನೂ ಬೇಗ ಬೇಕು. ಅದನ್ನು ಪಶುವೈದ್ಯರನ್ನೇ ಕೇಳಬೇಕು. ಈ ಲಸಿಕೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಸರ್ಕಾರಿ ಸಂಸ್ಥೆಯಲ್ಲೇ ತಯಾರಾಗುತ್ತದೆ.

ಲಸಿಕೆ ಹಾಕಿಸಿದ ಮೇಲೂ ಹಸಿದ ಮರಿಗಳನ್ನು ಜೋಳ ಕೊಯ್ದ ಹೊಲಕ್ಕೆ ಒಮ್ಮೆಲೇ ನುಗ್ಗಿಸುವಂತಿಲ್ಲ. ಮೊದಲು ಒಂದಿಷ್ಟು ಒಣಮೇವು ತಿನ್ನಿಸಿ, ಆಮೇಲೆ ಸ್ವಲ್ಪ ಹೊತ್ತು ಬಿಡಬೇಕು. ಮರುದಿನ ಇನ್ನೂ ಸ್ವಲ್ಪ ಹೆಚ್ಚು ಹೊತ್ತು.