ತಿರುಗುವ ಚಕ್ರ ಏನನ್ನು ಹೇಳುತ್ತದೆ? – ಜಾಲಪುಟಗಳಲ್ಲಿ ಪ್ರಗತಿ ಸೂಚಕ

ಮನೆ ಕಂದಾಯ ಕಟ್ಟಲು ಬಂದವರು ಪಂಚಾಯಿತಿ ಕಛೇರಿಯಲ್ಲಿ ಕಾಯುತ್ತಿದ್ದಾರೆ. ಡಾಟಾ ಎಂಟ್ರಿ ಆಪರೇಟರ್ ವಿವರಗಳನ್ನು ನಮೂದಿಸಿ ‘ಸಲ್ಲಿಸು’ ಗುಂಡಿಯನ್ನು ಒತ್ತಿದ್ದಾರೆ. ಪರದೆಯಲ್ಲಿ ಯಾವ ಬದಲಾವಣೆಯೂ ಇಲ್ಲ. ಅರ್ಧ ನಿಮಿಷ ಕಳೆದ ಮೇಲೆ ಗುಂಡಿಯನ್ನು ಮತ್ತೊಮ್ಮೆ ಒತ್ತುವುದು ಸಹಜ. ಆದರೆ ಮೊದಲನೆಯ ಕೋರಿಕೆ ಆಗಲೇ ಸರ್ವರನ್ನು ತಲುಪಿದ್ದರೆ ಒಂದೇ ಮನೆಗೆ ಎರಡು ರಸೀದಿಗಳು ಹುಟ್ಟಬಹುದು. ಆನ್‌ಲೈನ್ ಪಾವತಿಯಾದರೆ ಹಣವೂ ಎರಡು ಬಾರಿ ಕಡಿತವಾಗಬಹುದು. ಇಲ್ಲವೇ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂದು ಹೇಳಿ ಕಳುಹಿಸಲಾಗುತ್ತದೆ. ಕೂಲಿ ಬಿಟ್ಟು ಬಂದವರಿಗೆ ಆ ‘ನಾಳೆ’ ಎಂದರೆ ಮತ್ತೊಂದು ದಿನದ ದುಡಿಮೆಯ ನಷ್ಟ. ಎಷ್ಟೋ ವೇಳೆ ಸರ್ವರ್ ಕೆಲಸ ಮಾಡುತ್ತಲೇ ಇರುತ್ತದೆ; ಆ ಸಂಗತಿಯನ್ನು ಪುಟವು ತಿಳಿಸಿರುವುದಿಲ್ಲ, ಅಷ್ಟೆ.

ಹೀಗೆ ತಿಳಿಸುವ ಸಾಧನವೇ ಪ್ರಗತಿ ಸೂಚಕ. ಜೇಕಬ್ ನೀಲ್ಸನ್ 1993ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಸಂಬಂಧಿಸಿದ ಮೂರು ಮಿತಿಗಳನ್ನು ವಿವರಿಸಿದ್ದಾರೆ. 0.1 ಸೆಕೆಂಡಿನೊಳಗೆ ಉತ್ತರ ಬಂದರೆ ಬಳಕೆದಾರರಿಗೆ ಅದು ತಕ್ಷಣ ಬಂದಂತೆಯೇ ತೋರುತ್ತದೆ. 1 ಸೆಕೆಂಡಿನವರೆಗೆ ವಿಳಂಬ ಗಮನಕ್ಕೆ ಬಂದರೂ ಆಲೋಚನೆಯ ಓಟ ಕಡಿಯುವುದಿಲ್ಲ. 10 ಸೆಕೆಂಡು ದಾಟಿದರೆ ಮನಸ್ಸು ಬೇರೆಡೆಗೆ ಹೋಗುತ್ತದೆ. ಆಗ ಕೆಲಸ ಎಷ್ಟು ಮುಗಿದಿದೆ ಎಂಬುದನ್ನು ತೋರಿಸಲೇಬೇಕು. ಗ್ರಾಮಗಳ ಸಂಪರ್ಕ ಜಾಲದಲ್ಲಿ 10 ಸೆಕೆಂಡು ದಾಟುವುದು ಅಪರೂಪವೇನಲ್ಲ.

ಸೂಚಕಗಳಲ್ಲಿ ಮುಖ್ಯವಾಗಿ ಎರಡು ಬಗೆ: ಗಿರಗಿರನೆ ತಿರುಗುವ ಚಕ್ರ ಮತ್ತು ತುಂಬುತ್ತಾ ಹೋಗುವ ಪಟ್ಟಿ. ಚಕ್ರದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಚಕ್ರ ತಿರುಗುತ್ತಿದ್ದರೆ ದೂರದ ಸರ್ವರ್ ಕೆಲಸ ಮಾಡುತ್ತಿದೆ ಎಂದು ಬಹಳಷ್ಟು ಮಂದಿ ಭಾವಿಸುತ್ತಾರೆ. ವಾಸ್ತವವಾಗಿ ಆ ಚಕ್ರ ಕಛೇರಿಯ ಗಣಕಯಂತ್ರದಲ್ಲೇ ಓಡುವ ಒಂದು ಚಿತ್ರ. ಸಂಪರ್ಕ ಕಡಿದುಹೋದರೂ ಅದು ತಿರುಗುತ್ತಲೇ ಇರಬಲ್ಲದು. ನೀರಿಲ್ಲದ ಕೊಳವೆಬಾವಿಯಲ್ಲಿ ಮೋಟಾರು ಓಡಿದ ಹಾಗೆ. ಆದುದರಿಂದ ಚಕ್ರವೊಂದೇ ಸಾಲದು. ನಿಗದಿತ ಸಮಯದೊಳಗೆ ಉತ್ತರ ಬಾರದಿದ್ದರೆ ಚಕ್ರವನ್ನು ನಿಲ್ಲಿಸಿ, ಏನಾಗಿದೆ, ಮುಂದೇನು ಮಾಡಬೇಕು ಎಂಬುದನ್ನು ಕನ್ನಡದಲ್ಲಿ ತಿಳಿಸುವುದು ಉತ್ತಮ ಪುಟದ ಲಕ್ಷಣ.

ಪಟ್ಟಿಯು ಪ್ರಾಮಾಣಿಕವಾಗಿರಬೇಕಾದರೆ ಒಟ್ಟು ಕೆಲಸದ ಅಳತೆ ಮೊದಲೇ ಗೊತ್ತಿರಬೇಕು. ಕಾಮಗಾರಿಯ ಛಾಯಾಚಿತ್ರವನ್ನು ಅಪ್‌ಲೋಡ್ ಮಾಡುವಾಗ ಕಡತದ ಗಾತ್ರವೂ ಈವರೆಗೆ ಕಳುಹಿಸಿದ ಭಾಗವೂ ಬ್ರೌಸರಿಗೆ ತಿಳಿದಿರುತ್ತವೆ. ಅಲ್ಲಿ ಶೇಕಡಾವಾರು ತೋರಿಸಬಹುದು. ಬ್ಯಾಂಕಿನ ಉತ್ತರಕ್ಕೆ ಕಾಯುವಾಗ ಅಂತಹ ಅಳತೆ ಇರುವುದಿಲ್ಲ. ಅಲ್ಲಿ ಶೇ. 99ಕ್ಕೆ ಬಂದು ನಿಂತುಬಿಡುವ ಸುಳ್ಳು ಪಟ್ಟಿಗಿಂತ ‘ವಿವರ ಉಳಿಸಲಾಗಿದೆ, ಬ್ಯಾಂಕಿನ ಉತ್ತರಕ್ಕಾಗಿ ಕಾಯಲಾಗುತ್ತಿದೆ’ ಎಂಬ ನೇರ ವಾಕ್ಯ ಮೇಲು. ಅಂಧ ಬಳಕೆದಾರರ ಗಣಕಯಂತ್ರವು ಓದಿ ಹೇಳಬಲ್ಲದ್ದು ಅಕ್ಷರಗಳನ್ನೇ ಹೊರತು ಬರಿಯ ಚಿತ್ರವನ್ನಲ್ಲ ಎಂಬುದೂ ಗಮನಾರ್ಹ.

ಸೂಚಕ ಕಾಣಿಸಿಕೊಂಡ ಕ್ಷಣದಿಂದಲೇ ‘ಸಲ್ಲಿಸು’ ಗುಂಡಿ ನಿಷ್ಕ್ರಿಯವಾಗಬೇಕು. ಅದರೊಂದಿಗೆ, ಒಂದೇ ಕೋರಿಕೆ ಎರಡು ಬಾರಿ ಬಂದರೂ ಸರ್ವರ್ ಅದನ್ನು ಗುರುತಿಸಿ ಒಂದನ್ನು ಮಾತ್ರ ದಾಖಲಿಸಬೇಕು. ಪುಟವನ್ನು ರಿಫ್ರೆಶ್ ಮಾಡಿದಾಗ ಅದೇ ಕೋರಿಕೆ ಮತ್ತೆ ಹೋಗುವ ಸಂಭವವಿದೆ. ಪಾವತಿಯ ನಡುವೆ ಪುಟ ನಿಂತುಹೋದರೆ ಎರಡನೇ ಬಾರಿ ಹಣ ಕಟ್ಟಿಸುವ ಮುನ್ನ ಮೊದಲ ವಹಿವಾಟಿನ ಸಂಖ್ಯೆಯನ್ನು ಪರಿಶೀಲಿಸತಕ್ಕದ್ದು. ಯುಪಿಐ ಮೂಲಕ ವ್ಯಾಪಾರಿ ಖಾತೆಗೆ ಪಾವತಿಸಿದಾಗ ಹಣ ಕಡಿತವಾಗಿಯೂ ದೃಢೀಕರಣ ತಲುಪದಿದ್ದಲ್ಲಿ, ವಹಿವಾಟಿನ ದಿನದಿಂದ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು. ತಡವಾದರೆ ದಿನಕ್ಕೆ 100 ರೂ. ಪರಿಹಾರ ಸಲ್ಲಬೇಕು. ಇದು ಭಾರತೀಯ ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ತಿಂಗಳ ಸುತ್ತೋಲೆಯಲ್ಲಿದೆ. ಗಾಬರಿಯಿಂದ ಕಛೇರಿಗೆ ಬಂದವರಿಗೆ ಸದಸ್ಯರು ಈ ನಿಯಮವನ್ನು ತಿಳಿಸಬಹುದು.

ಪಂಚತಂತ್ರ, ಇ-ಸ್ವತ್ತು ಮೊದಲಾದ ರಾಜ್ಯ ಮಟ್ಟದ ತಂತ್ರಾಂಶಗಳನ್ನು ಗ್ರಾಮ ಪಂಚಾಯಿತಿಯು ಬದಲಿಸಲಾಗದು. ಆದರೆ ಯಾವ ಹಂತದಲ್ಲಿ, ಎಷ್ಟು ಗಂಟೆಗೆ, ಯಾವ ಸಂದೇಶದೊಂದಿಗೆ ಪುಟ ನಿಂತಿತು ಎಂಬುದನ್ನು ಬರೆದಿಟ್ಟು ಲಿಖಿತವಾಗಿ ಕಳುಹಿಸಿದರೆ ತಾಂತ್ರಿಕ ಸಿಬ್ಬಂದಿಗೆ ಹಿಡಿಯಲು ಒಂದು ಎಳೆ ಸಿಗುತ್ತದೆ. ‘ಸರ್ವರ್ ಸ್ಲೋ’ ಎಂಬ ಎರಡು ಪದಗಳ ದೂರಿನಿಂದ ಅವರು ಏನನ್ನೂ ಪತ್ತೆ ಮಾಡಲಾರರು.

ಪಂಚಾಯಿತಿಯು ತನ್ನದೇ ಜಾಲತಾಣವನ್ನು ಮಾಡಿಸುವಾಗ ಮಾತ್ರ ಅಧಿಕಾರ ಸದಸ್ಯರ ಕೈಯಲ್ಲೇ ಇದೆ. ಪ್ರಾತ್ಯಕ್ಷಿಕೆಯ ದಿನ ಗುತ್ತಿಗೆದಾರರು ವೇಗದ ಸಂಪರ್ಕದಲ್ಲಿ ಎಲ್ಲವನ್ನೂ ಚಕಚಕನೆ ತೋರಿಸುತ್ತಾರೆ. ಕ್ರೋಮ್ ಬ್ರೌಸರಿನ ಡೆವಲಪರ್ ಸಾಧನಗಳಲ್ಲಿ ಸಂಪರ್ಕವನ್ನು ಬೇಕೆಂದೇ ನಿಧಾನಗೊಳಿಸುವ, ಪೂರ್ಣವಾಗಿ ಕಡಿಯುವ ಸೌಲಭ್ಯವಿದೆ. ಅದನ್ನು ಬಳಸಿ ಅರ್ಜಿಯೊಂದನ್ನು ಸಲ್ಲಿಸಿ ತೋರಿಸುವಂತೆಯೂ, ನಡುವೆ ಸಂಪರ್ಕ ಕಡಿದಾಗ ಪುಟವು ಏನು ಹೇಳುತ್ತದೆ ಎಂಬುದನ್ನು ಕಾಣಿಸುವಂತೆಯೂ ಕೇಳಿ, ಆ ಫಲಿತಾಂಶವನ್ನು ಅಂತಿಮ ಬಿಲ್ಲಿಗೆ ಮುನ್ನ ಸಭೆಯ ನಡವಳಿಯಲ್ಲಿ ದಾಖಲಿಸಬಹುದು.